ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಟಕಕಾರ ಲ್ಯಾರಿ ಕ್ರೇಮರ್

ಅಮೆರಿಕದ ನಾಟಕಕಾರ, ಕಾದಂಬರಿಕಾರ ಲ್ಯಾರಿ ಕ್ರೇಮರ್ ಅವರನ್ನು ಕುರಿತು, ಅದರಲ್ಲೂ ಏಡ್ಸ್ ಪಿಡುಗಿನ ಮೊದಲ ವರ್ಷಗಳ ಕಥೆ ಹೇಳುವ ಅವರ ‘ದಿ ನಾರ್ಮಲ್ ಹಾರ್ಟ್’ ನಾಟಕವನ್ನು ಕುರಿತು ಬಂದ ಪತ್ರಗಳಲ್ಲಿ ಆಯ್ದವುಗಳಿಗೆ ಈ ಸಲದ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ‘ದಿ ನಾರ್ಮಲ್ ಹಾರ್ಟ್’ ನಾಟಕದ ನಾಯಕ ನೆಡ್ ವೀಕ್ಸ್ ಎಂದರೆ ಲ್ಯಾರಿ ಕ್ರೇಮರ್ ಅವರೇ ಎಂದು ನಮ್ಮ ಅಧ್ಯಾಪಕರು ಹೇಳಿದರು. ನಾಟಕಕ್ಕೂ ಅವರ ಬದುಕಿಗೂ ನಿಜವಾಗಿ ಎಷ್ಟು ಹತ್ತಿರದ ಸಂಬಂಧವಿದೆ? ಅವರ ಜೀವನದ ವಿವರಗಳನ್ನೂ ತಿಳಿಸಿ.
– ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹಳ ಹತ್ತಿರದ ಸಂಬಂಧವಿದೆ. ಕ್ರೇಮರ್ 1935ರ ಜೂನ್ 25ರಂದು ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ಬೆಳೆದದ್ದು ರಾಜಧಾನಿ ವಾಷಿಂಗ್ಟನ್ನಿನ ಆಸುಪಾಸಿನಲ್ಲಿ. ಗಂಡುಹುಡುಗರು ಹೀಗೆಯೇ ಇರಬೇಕೆಂಬ ತಂದೆಯ ಅಳತೆಗೆ ಈ ಕಿರಿಯ ಮಗ ಎಂದೂ ಹೊಂದಲಿಲ್ಲ. ಆ ಮನೆಯ ಕಹಿ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಉಳಿಯಿತು. ಅಣ್ಣ ಆರ್ಥರ್ ವಕೀಲರಾಗಿ ದೊಡ್ಡ ಹೆಸರು ಮಾಡಿದವರು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದ ಲ್ಯಾರಿ, ಇಡೀ ಆವರಣದಲ್ಲಿ ಸಲಿಂಗಪ್ರೇಮಿಯೆಂದರೆ ತಾನೊಬ್ಬನೇ ಎಂಬ ಭಾವನೆಯಿಂದ ಕಂಗೆಟ್ಟು, ಮೊದಲ ವರ್ಷದಲ್ಲಿಯೇ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದರು. 1957ರಲ್ಲಿ ಪದವಿ ಪಡೆದು, ಕೆಲಕಾಲ ಸೇನೆಯಲ್ಲಿದ್ದು, ಆಮೇಲೆ ಚಲನಚಿತ್ರ ಕಂಪನಿಗಳ ಕೆಲಸಕ್ಕೆ ಸೇರಿದರು.

ನಾಟಕದ ಕಥೆಗೆ ಆಧಾರವಾಗಿರುವುದು 1981ರಿಂದ 1984ರವರೆಗಿನ ನ್ಯೂಯಾರ್ಕ್. 1981ರ ಜುಲೈ 3ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಒಳಪುಟದಲ್ಲಿ, 41 ಮಂದಿ ಸಲಿಂಗಪ್ರೇಮಿ ಪುರುಷರಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂತು. ಆಗಸ್ಟ್ 11ರ ಸಂಜೆ ಕ್ರೇಮರ್ ತಮ್ಮ ಮನೆಗೆ ಸುಮಾರು 80 ಮಂದಿಯನ್ನು ಕರೆದು, ಆ ರೋಗಿಗಳನ್ನು ಕಂಡಿದ್ದ ಚರ್ಮರೋಗ ತಜ್ಞ ಡಾ. ಆಲ್ವಿನ್ ಫ್ರೀಡ್‌ಮನ್-ಕೀನ್ ಅವರಿಂದ ಮಾತಾಡಿಸಿದರು. ಅಲ್ಲಿಯೇ ಸಂಶೋಧನೆಗೆಂದು ವಂತಿಗೆ ಎತ್ತಿದಾಗ 6,635 ಡಾಲರ್ ಕೂಡಿತು. 1982ರ ಜನವರಿಯಲ್ಲಿ ಅದೇ ಮನೆಯ ಹಜಾರದಲ್ಲಿ ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯವರ ಆರೈಕೆಗೆ ನಿಂತ ಜಗತ್ತಿನ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಸ್ಥಾಪಕರು ಆರು ಮಂದಿ. ಅವರಲ್ಲಿ ಕಾದಂಬರಿಕಾರ ಎಡ್ಮಂಡ್ ವೈಟ್ ಕೂಡ ಇದ್ದರು.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಕ್ರೇಮರ್ ತಾವೇ ಕಟ್ಟಿದ ಸಂಸ್ಥೆಯಿಂದ ಹೊರಗಿದ್ದರು. ಮೇಯರ್ ಎಡ್ ಕಾಚ್ ಅವರನ್ನು ಬಹಿರಂಗವಾಗಿ ಬಯ್ಯುವುದು, ಪತ್ರಿಕೆಗಳನ್ನು ಕೆಣಕುವುದು, ಲೈಂಗಿಕ ಸಂಪರ್ಕವನ್ನೇ ನಿಲ್ಲಿಸಿ ಎಂದು ತಮ್ಮವರಿಗೇ ಬುದ್ಧಿ ಹೇಳುವುದು ಉಳಿದವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಆಮೇಲೆ ಯುರೋಪಿಗೆ ಹೋದ ಅವರು ಜರ್ಮನಿಯ ದಾಖಾವ್ ಸೆರೆಶಿಬಿರವನ್ನು ನೋಡಿದರು. ಅದು ಯುದ್ಧಕ್ಕೆ ಎಷ್ಟೋ ಮೊದಲು, 1933ರಲ್ಲಿಯೇ ತೆರೆದದ್ದೆಂದು ತಿಳಿದಾಗ, ಇಷ್ಟು ವರ್ಷ ಎಲ್ಲರೂ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ನಾಟಕ ಬರೆಯಲು ಕುಳಿತದ್ದು ಆ ಪ್ರಶ್ನೆಯನ್ನು ಹೊತ್ತು.

ಪಾತ್ರಗಳ ಹಿಂದಿನ ಮನುಷ್ಯರೂ ಗುರುತಿಗೆ ಸಿಗುತ್ತಾರೆ. ಗಾಲಿಕುರ್ಚಿಯ ವೈದ್ಯೆ ಎಮ್ಮಾ ಬ್ರೂಕ್ನರ್ ಪಾತ್ರಕ್ಕೆ ಡಾ. ಲಿಂಡಾ ಲಾಬೆನ್‌ಸ್ಟೈನ್ ಮಾದರಿ. ಬಾಲ್ಯದ ಪೋಲಿಯೊದಿಂದ ಗಾಲಿಕುರ್ಚಿ ಹಿಡಿದ ಆಕೆ ಈ ರೋಗಿಗಳನ್ನು ಮೊದಮೊದಲು ಕಂಡ ವೈದ್ಯರಲ್ಲಿ ಒಬ್ಬರು. ಸಂಸ್ಥೆಯ ಅಧ್ಯಕ್ಷ ಬ್ರೂಸ್ ನೈಲ್ಸ್ ಪಾತ್ರಕ್ಕೆ ಪಾಲ್ ಪಾಪಮ್, ನೆಡ್‌ನ ಅಣ್ಣ ಬೆನ್ ವೀಕ್ಸ್ ಪಾತ್ರಕ್ಕೆ ಕ್ರೇಮರ್ ಅವರ ಅಣ್ಣ ಆರ್ಥರ್. ಆದರೆ ವಿದ್ಯಾರ್ಥಿಯಾಗಿ ನೀವು ಗಮನಿಸಬೇಕಾದದ್ದು ಇಷ್ಟೇ ಅಲ್ಲ. ನೆಡ್ ಪಾತ್ರವನ್ನು ಲೇಖಕರು ಹೊಗಳಿಕೊಂಡಿಲ್ಲ. ಕೂಗಾಡುವ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ, ಹತ್ತಿರ ಬಂದವರನ್ನು ದೂರ ಮಾಡಿಕೊಳ್ಳುವ ಮನುಷ್ಯನನ್ನು ಅವರು ನಮ್ಮ ಮುಂದೆ ನಿಲ್ಲಿಸಿದ್ದಾರೆ. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ಇದನ್ನು ಇನ್ನಷ್ಟು ವಿವರಿಸಿದ್ದೇನೆ.

ಪ್ರಶ್ನೆ: ಸಲಿಂಗಪ್ರೇಮಿಗಳ ಪರವಾಗಿ ಅಷ್ಟೆಲ್ಲ ಹೋರಾಡಿದವರ ಕಾದಂಬರಿಯನ್ನು ಸಲಿಂಗಪ್ರೇಮಿಗಳೇ ಬಹಿಷ್ಕರಿಸಿದ್ದರು ಎಂದು ಓದಿದೆ. ಇದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಜ. 1978ರಲ್ಲಿ ಪ್ರಕಟವಾದ ‘ಫ್ಯಾಗಟ್ಸ್’ ಅವರ ಮೊದಲ ಕಾದಂಬರಿ. ಬೀದಿಯಲ್ಲಿ ಸಲಿಂಗಪ್ರೇಮಿಗಳನ್ನು ಹೀಯಾಳಿಸಲು ಬಳಸುವ ಬೈಗುಳವನ್ನೇ ಅವರು ಅದಕ್ಕೆ ಹೆಸರಾಗಿಟ್ಟರು. ನಲವತ್ತು ತುಂಬುವುದರೊಳಗೆ ತನ್ನನ್ನು ಪ್ರೀತಿಸುವವನೊಬ್ಬ ಸಿಗಲೇಬೇಕೆಂದು ಹಂಬಲಿಸುವ ಫ್ರೆಡ್ ಲೆಮಿಶ್ ಅದರ ನಾಯಕ. ಸಲಿಂಗಪ್ರೇಮಿಗಳು ಸೇರುತ್ತಿದ್ದ ನ್ಯೂಯಾರ್ಕಿನ ಸಾರ್ವಜನಿಕ ಸ್ನಾನಗೃಹಗಳು, ರಾತ್ರಿಯ ನೃತ್ಯಶಾಲೆಗಳು, ಫೈರ್ ಐಲೆಂಡ್ ಕಡಲತೀರದ ಬೇಸಿಗೆಮನೆಗಳು – ಇವುಗಳ ನಡುವೆ ಅಲೆಯುವ ಫ್ರೆಡ್‌ಗೆ ಸಂಗಾತಿಗಳು ಲೆಕ್ಕವಿಲ್ಲದಷ್ಟು ಸಿಗುತ್ತಾರೆ, ಪ್ರೀತಿ ಸಿಗುವುದಿಲ್ಲ.

ಕಾಲವನ್ನು ನೆನಪಿಟ್ಟುಕೊಂಡರೆ ಓದುಗರ ಸಿಟ್ಟು ಅರ್ಥವಾಗುತ್ತದೆ. ಸಲಿಂಗಪ್ರೇಮಿಗಳು ಪೊಲೀಸರ ದಾಳಿಗೆ ತಿರುಗಿಬಿದ್ದ ಸ್ಟೋನ್‌ವಾಲ್ ಘಟನೆ ನಡೆದು ಆಗ ಇನ್ನೂ ಒಂಬತ್ತೇ ವರ್ಷವಾಗಿತ್ತು. ಯಾರಿಗೂ ಅಂಜದೆ ದೇಹದ ಸುಖ ಪಡೆಯುವುದೇ ಬಿಡುಗಡೆ ಎಂದು ಒಂದು ತಲೆಮಾರು ನಂಬಿತ್ತು. ಅದುವರೆಗೆ ಅದೇ ಕಾರಣಕ್ಕೆ ಜೈಲು, ನೌಕರಿಯಿಂದ ವಜಾ, ಮನೋರೋಗದ ಚಿಕಿತ್ಸೆ ಇವನ್ನೆಲ್ಲ ಉಂಡವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ತಮ್ಮವನೇ ಒಬ್ಬ ಎದ್ದು, ನಾವು ಒಬ್ಬರನ್ನೊಬ್ಬರು ಬಳಸಿ ಬಿಸಾಡುತ್ತಿದ್ದೇವೆ ಎಂದರೆ, ವೈರಿಗಳ ಕೈಗೆ ಕೋಲು ಕೊಟ್ಟಂತಾಯಿತೆಂದು ಅವರಿಗೆ ಅನ್ನಿಸಿತು. ನಗರದಲ್ಲಿದ್ದ ಸಲಿಂಗಪ್ರೇಮಿಗಳ ಏಕೈಕ ಪುಸ್ತಕದಂಗಡಿಯೇ ಆ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿತು. ಫೈರ್ ಐಲೆಂಡಿನಲ್ಲಿ ಪರಿಚಯದವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರೆಂದು ಕ್ರೇಮರ್ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಮೂರು ವರ್ಷಗಳ ನಂತರ ಏಡ್ಸ್ ಬಂದಾಗ, ಕ್ರೇಮರ್ ಮೊದಲೇ ಹೇಳಿರಲಿಲ್ಲವೇ ಎಂದು ಕೆಲವರು ಕಾದಂಬರಿಯನ್ನು ಭವಿಷ್ಯವಾಣಿಯಂತೆ ಓದತೊಡಗಿದರು. ಆ ಓದು ನನಗೆ ಒಪ್ಪಿಗೆಯಿಲ್ಲ. ಕಾಯಿಲೆ ತಂದದ್ದು ವೈರಸ್. ಅದು ಯಾರ ನಡತೆಗೂ ವಿಧಿಸಿದ ಶಿಕ್ಷೆಯಾಗಿರಲಿಲ್ಲ. ಕಾದಂಬರಿಯ ಅಳಲು ಏನಿದ್ದರೂ ಪ್ರೀತಿಯ ಬರದ ಬಗ್ಗೆಯೇ ಹೊರತು ರೋಗದ ಬಗ್ಗೆ ಅಲ್ಲ. ಕೃತಿಯಾಗಿ ನೋಡಿದರೆ ಅದು ಗದ್ದಲದ, ಅತಿರೇಕದ, ಪಾತ್ರಗಳ ಸಂತೆಯಲ್ಲಿ ದಾರಿ ತಪ್ಪಿಸುವ ಪುಸ್ತಕ. ಆದರೂ ಅಂದಿನಿಂದ ಇಂದಿನವರೆಗೆ ಅದರ ಮುದ್ರಣ ನಿಂತಿಲ್ಲ.

ಪ್ರಶ್ನೆ: ‘ದಿ ನಾರ್ಮಲ್ ಹಾರ್ಟ್’ ನನಗೆ ನಾಟಕಕ್ಕಿಂತ ಭಾಷಣವಾಗಿ ಕಂಡಿತು. ಪ್ರತಿ ದೃಶ್ಯದಲ್ಲೂ ಯಾರೋ ಒಬ್ಬರು ಎದ್ದು ನಿಂತು ಅಂಕಿ-ಅಂಶ ಹೇಳುತ್ತಾರೆ. ಪ್ರಚಾರಕ್ಕೆಂದು ಬರೆದದ್ದನ್ನು ಒಳ್ಳೆಯ ನಾಟಕವೆಂದು ಹೇಗೆ ಒಪ್ಪುವುದು?
– ಹವ್ಯಾಸಿ ರಂಗಕರ್ಮಿ, ಶಿವಮೊಗ್ಗ

ಉತ್ತರ: ನಿಮ್ಮ ಆಕ್ಷೇಪವನ್ನು ಆ ಕಾಲದ ವಿಮರ್ಶಕರೂ ಎತ್ತಿದ್ದರು. ಭಾಷಣಗಳಿರುವುದು ನಿಜ, ಜನರನ್ನು ಎಚ್ಚರಿಸಬೇಕೆಂದೇ ಬರೆದೆನೆಂದು ಲೇಖಕರೂ ಮುಚ್ಚಿಡಲಿಲ್ಲ. ಆದರೂ ಇದು ಬರೀ ಪ್ರಚಾರದ ಕೃತಿಯಲ್ಲವೆಂದು ನಾನು ನಂಬಿದ್ದೇನೆ. ಪ್ರಚಾರಕ್ಕೆ ಬರೆಯುವವನು ಎದುರಾಳಿಯ ಬಾಯಿಗೆ ದುರ್ಬಲವಾದ ಮಾತನ್ನೇ ಹಾಕುತ್ತಾನೆ. ಕ್ರೇಮರ್ ತಮ್ಮನ್ನು ಹೊರಗೆ ಹಾಕಿದವರಿಗೆ ನಾಟಕದ ಅತ್ಯಂತ ಬಲವಾದ ಮಾತುಗಳನ್ನು ಕೊಟ್ಟಿದ್ದಾರೆ.

ಮಿಕ್ಕಿ ಮಾರ್ಕಸ್ ಪಾತ್ರವನ್ನು ನೋಡಿ. ಆತ ನಗರದ ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕಿರುವವನು. ರಾತ್ರಿಯೆಲ್ಲ ಸಹಾಯವಾಣಿಯ ದೂರವಾಣಿಗೆ ಉತ್ತರ ಕೊಟ್ಟು ಬಳಲಿದವನು. ಹದಿನೈದು ವರ್ಷ ಪ್ರೀತಿಸುವ ಸ್ವಾತಂತ್ರ್ಯಕ್ಕೆಂದು ಹೋರಾಡಿದ ತನಗೆ, ಈಗ ಆ ಪ್ರೀತಿಯೇ ಕೊಲ್ಲುತ್ತದೆ ಎಂದು ನೆಡ್ ಹೇಳಿದರೆ, ತನ್ನ ಬದುಕೆಲ್ಲ ತಪ್ಪಾಗಿತ್ತೇ ಎಂದು ಕುಸಿದು ಕೇಳುತ್ತಾನೆ. ಆ ಕ್ಷಣದಲ್ಲಿ ಪ್ರೇಕ್ಷಕರ ಮನಸ್ಸು ಮಿಕ್ಕಿಯ ಕಡೆಗಿರುತ್ತದೆ. ನೆಡ್ ಬಳಿ ಅದಕ್ಕೆ ಉತ್ತರವಿಲ್ಲ, ಲೇಖಕರೂ ಒದಗಿಸುವುದಿಲ್ಲ.

ಬ್ರೂಸ್ ಪಾತ್ರ ಇನ್ನೂ ಕಠಿಣವಾದದ್ದು. ಮಾಜಿ ಸೈನಿಕ, ಬ್ಯಾಂಕಿನಲ್ಲಿ ಉನ್ನತ ಹುದ್ದೆಯಲ್ಲಿರುವವನು, ತನ್ನ ಗುಟ್ಟು ಕಚೇರಿಯಲ್ಲಿ ಬಯಲಾಗಬಾರದೆಂದು ಸದಾ ಹಿಂಜರಿಯುವವನು. ನೆಡ್ ಕಣ್ಣಿಗೆ ಅವನು ಪುಕ್ಕಲ. ಆದರೆ ತನ್ನ ಸಂಗಾತಿ ಆಲ್ಬರ್ಟನ ಸಾವನ್ನು ಬ್ರೂಸ್ ಹೇಳುವ ದೃಶ್ಯವೊಂದಿದೆ. ಸಾಯುವ ಮುನ್ನ ತಾಯಿಯನ್ನು ನೋಡಬೇಕೆಂದ ಆಲ್ಬರ್ಟನನ್ನು ಅವನು ವಿಮಾನದಲ್ಲಿ ಫೀನಿಕ್ಸ್‌ಗೆ ಕರೆದೊಯ್ಯುತ್ತಾನೆ. ಇಂಥ ರೋಗಿಯಿದ್ದರೆ ವಿಮಾನ ಎತ್ತುವುದಿಲ್ಲವೆಂದು ಪೈಲಟ್ ಹಟ ಹಿಡಿಯುತ್ತಾನೆ. ದಾರಿಯಲ್ಲಿಯೇ ಆಲ್ಬರ್ಟನಿಗೆ ಬುದ್ಧಿಭ್ರಮಣೆಯಾಗಿ, ಬ್ರೂಸ್ ಯಾರೆಂದೂ ಗುರುತು ಸಿಗದಂತಾಗಿ, ಬಟ್ಟೆಯಲ್ಲಿಯೇ ಮಲಮೂತ್ರ ಹೋಗುತ್ತದೆ. ಆಸ್ಪತ್ರೆಗೆ ತಲುಪಿ ಸತ್ತಾಗ ವೈದ್ಯರು ಮರಣದ ಕಾರಣವನ್ನು ಬರೆದುಕೊಡಲು ಒಪ್ಪುವುದಿಲ್ಲ. ಕಾರಣ ಬರೆಯದಿದ್ದರೆ ಶವಸಂಸ್ಕಾರದವರು ಒಯ್ಯುವುದಿಲ್ಲ, ಪೊಲೀಸರೂ ಬರುವುದಿಲ್ಲ. ಕಡೆಗೆ ಆಸ್ಪತ್ರೆಯ ಆಳೊಬ್ಬ ದೇಹವನ್ನು ಕಸದ ಚೀಲದಲ್ಲಿ ತುಂಬಿ, ಹಿಂಬಾಗಿಲ ಹೊರಗಿಟ್ಟು, ಉಪಕಾರ ಮಾಡಿದ್ದಕ್ಕೆ 50 ಡಾಲರ್ ಕೇಳುತ್ತಾನೆ. ಬ್ರೂಸ್ ಇದನ್ನು ನಡೆದದ್ದು ನಡೆದಂತೆ ಹೇಳುತ್ತಾನೆ, ಎಲ್ಲಿಯೂ ವಾದ ಹೂಡುವುದಿಲ್ಲ. ಇಡೀ ನಾಟಕದಲ್ಲಿ ನೆಡ್ ಮಾಡಿದ ಎಲ್ಲ ವಾದಗಳಿಗಿಂತ ಈ ಒಂದು ಕಥನ ಹೆಚ್ಚು ತೂಗುತ್ತದೆ, ಮತ್ತು ಅದನ್ನು ಲೇಖಕರು ತಮ್ಮ ಪ್ರತಿನಿಧಿಗೆ ಕೊಡದೆ ಎದುರಾಳಿಗೆ ಕೊಟ್ಟರು.

ಪ್ರೇಮದ ದೃಶ್ಯಗಳ ರೀತಿಯೂ ಇದೇ. ಪತ್ರಕರ್ತ ಫೀಲಿಕ್ಸ್ ಮತ್ತು ನೆಡ್ ಒಟ್ಟಿಗೆ ಬಾಳತೊಡಗಿದ ಸ್ವಲ್ಪ ಕಾಲಕ್ಕೇ ಫೀಲಿಕ್ಸನ ಪಾದದಲ್ಲಿ ರೋಗದ ಗುರುತಾದ ನೇರಳೆ ಬಣ್ಣದ ಮಚ್ಚೆ ಕಾಣುತ್ತದೆ. ಕಾಯಿಲೆ ಬಲಿತು ಊಟ ಬಿಟ್ಟು ನೆಲದ ಮೇಲೆ ಕುಳಿತವನ ಮುಂದೆ ನೆಡ್ ಅಂಗಡಿಯಿಂದ ತಂದ ಸಾಮಾನಿನ ಚೀಲದೊಂದಿಗೆ ಬರುತ್ತಾನೆ. ತಿನ್ನು ಎಂದು ಗೋಗರೆಯುತ್ತಾನೆ. ಕೇಳದಿದ್ದಾಗ ರೇಗಿ ತರಕಾರಿಯನ್ನೂ ಹಾಲಿನ ಪೊಟ್ಟಣವನ್ನೂ ಒಂದೊಂದಾಗಿ ನೆಲಕ್ಕೆ ಎಸೆಯುತ್ತಾನೆ. ನಿನಗೆ ಸಾಯಬೇಕಿದ್ದರೆ ಸಾಯಿ ಎನ್ನುತ್ತಾನೆ. ಆಮೇಲೆ ಆ ಚೆಲ್ಲಿದ ಹಾಲಿನಲ್ಲಿಯೇ ಇಬ್ಬರೂ ತೆವಳಿಕೊಂಡು ಬಂದು ಅಪ್ಪಿಕೊಳ್ಳುತ್ತಾರೆ. ನೀವು ರಂಗಕರ್ಮಿಯಾದ್ದರಿಂದ ಇದನ್ನು ರಂಗದ ಮೇಲೆ ಕಲ್ಪಿಸಿಕೊಳ್ಳಿ: ರೋಗಿಯ ಆರೈಕೆಯಲ್ಲಿ ಸೋತವರ ಸಿಟ್ಟನ್ನು ಇದಕ್ಕಿಂತ ಸರಳವಾದ ಪರಿಕರಗಳಲ್ಲಿ ತೋರಿಸಿದವರು ವಿರಳ.

ಅಂಕಿ-ಅಂಶಗಳ ಮಾತಿಗೆ ಬರೋಣ. 1985ರ ಏಪ್ರಿಲ್ 21ರಂದು ಜೋಸೆಫ್ ಪ್ಯಾಪ್ ಅವರ ಪಬ್ಲಿಕ್ ಥಿಯೇಟರಿನಲ್ಲಿ ನಾಟಕ ತೆರೆಕಂಡಾಗ, ರಂಗಸಜ್ಜಿಕೆಗೆ ಬಿಳಿ ಸುಣ್ಣ ಹೊಡೆದು ಅದರ ಮೇಲೆಯೂ ಪ್ರೇಕ್ಷಾಗೃಹದ ಗೋಡೆಗಳ ಮೇಲೆಯೂ ಕಪ್ಪಕ್ಷರಗಳಲ್ಲಿ ಸಂಗತಿಗಳನ್ನು ಬರೆದಿದ್ದರು. ದೇಶದಲ್ಲಿ ಅಂದಿನವರೆಗೆ ದಾಖಲಾದ ಏಡ್ಸ್ ರೋಗಿಗಳ ಸಂಖ್ಯೆ ಅಲ್ಲಿತ್ತು. ಅದು ಏರಿದಾಗಲೆಲ್ಲ ಹಳೆಯದನ್ನು ಹೊಡೆದುಹಾಕಿ ಕೆಳಗೆ ಹೊಸದನ್ನು ಬರೆಯುತ್ತಿದ್ದರು. 1982ರಲ್ಲಿ ಟೈಲೆನಾಲ್ ಎಂಬ ನೋವಿನ ಮಾತ್ರೆಗಳಲ್ಲಿ ಯಾರೋ ವಿಷ ಬೆರೆಸಿ ಏಳು ಮಂದಿ ಸತ್ತಾಗ ‘ನ್ಯೂಯಾರ್ಕ್ ಟೈಮ್ಸ್’ ಮೂರು ತಿಂಗಳಲ್ಲಿ 54 ಬಾರಿ ಬರೆದಿತ್ತು. ಏಡ್ಸ್ ಬಗ್ಗೆ ಮೊದಲ 19 ತಿಂಗಳಲ್ಲಿ ಬರೆದದ್ದು ಏಳೇ ಬಾರಿ. ಈ ಹೋಲಿಕೆಯೂ ಗೋಡೆಯ ಮೇಲಿತ್ತು. ಹೀಗಾಗಿ ಅಂದಿನ ಪ್ರೇಕ್ಷಕರಿಗೆ ಅಂಕಿಗಳು ಸಂಭಾಷಣೆಗೆ ಅಡ್ಡ ಬಂದ ಮಾಹಿತಿಯಾಗಿರಲಿಲ್ಲ. ತಾವು ಕುಳಿತ ಕೊಠಡಿಯ ಗೋಡೆಗಳೇ ಆಗಿದ್ದವು. ನಾಟಕ 294 ಪ್ರದರ್ಶನ ಕಂಡಿತು. ಪುಸ್ತಕದಲ್ಲಿ ಓದುವಾಗ ಗೋಡೆ ಕಾಣದೆ ಭಾಷಣವಷ್ಟೇ ಕಾಣುವುದರಿಂದ ನಿಮಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ಬಯ್ದಾಡಿ ಯಾವ ಕೆಲಸವೂ ಆಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕ್ರೇಮರ್ ಅವರ ಕೂಗಾಟದಿಂದ ಯಾರ ಜೀವವಾದರೂ ಉಳಿಯಿತೇ?
– ನಿವೃತ್ತ ಆರೋಗ್ಯ ಸಹಾಯಕಿ, ಹಾಸನ

ಉತ್ತರ: ಉಳಿಯಿತು. ಅವರೊಬ್ಬರಿಂದಲೇ ಎನ್ನುವುದು ತಪ್ಪಾಗುತ್ತದೆ, ಅವರಿಲ್ಲದೆಯೂ ಆಗುತ್ತಿತ್ತು ಎನ್ನುವುದು ಇನ್ನೂ ದೊಡ್ಡ ತಪ್ಪು.

1983ರ ಮಾರ್ಚ್ ತಿಂಗಳಲ್ಲಿ ‘ನ್ಯೂಯಾರ್ಕ್ ನೇಟಿವ್’ ಎಂಬ ಸಲಿಂಗಪ್ರೇಮಿಗಳ ಪತ್ರಿಕೆಯಲ್ಲಿ ಅವರ ಲೇಖನವೊಂದು ಬಂತು. ಆಗ ದೇಶದಲ್ಲಿದ್ದ ಗಂಭೀರ ಪ್ರಕರಣಗಳ ಸಂಖ್ಯೆಯಾದ 1,112 ಎಂಬುದನ್ನೇ ಶೀರ್ಷಿಕೆಯಲ್ಲಿಟ್ಟು, ಲೆಕ್ಕ ಇನ್ನೂ ಮುಂದುವರಿದಿದೆ ಎಂದಿದ್ದರು. ಇದನ್ನು ಓದಿಯೂ ನಿಮಗೆ ಭಯವಾಗದಿದ್ದರೆ ನಮ್ಮ ಕಥೆ ಮುಗಿದಂತೆಯೇ ಎಂಬ ಧಾಟಿಯಲ್ಲಿ ಆರಂಭವಾಗುವ ಆ ಲೇಖನ ನಗರಸಭೆ, ಆಸ್ಪತ್ರೆ, ಸಂಶೋಧನಾ ಸಂಸ್ಥೆ, ಪತ್ರಿಕೆ, ಸಲಿಂಗಪ್ರೇಮಿಗಳ ಮುಖಂಡರು ಎಲ್ಲರನ್ನೂ ಮುಲಾಜಿಲ್ಲದೆ ತರಾಟೆಗೆ ತೆಗೆದುಕೊಳ್ಳುತ್ತದೆ. ಕೊನೆಯಲ್ಲಿ ತಾವು ಬಲ್ಲ, ಸತ್ತುಹೋದ ಇಪ್ಪತ್ತು ಮಂದಿಯ ಹೆಸರುಗಳನ್ನು ಪಟ್ಟಿಮಾಡಿ, ಈ ಅಕ್ಷರಗಳು ಅಚ್ಚಾಗುವಷ್ಟರಲ್ಲಿ ಸಾಯಲಿರುವ ಇನ್ನೊಬ್ಬ ಎಂದು ಸೇರಿಸುತ್ತಾರೆ. ದೇಶದ ಬೇರೆ ಬೇರೆ ಊರುಗಳ ಪತ್ರಿಕೆಗಳೂ ಆ ಲೇಖನವನ್ನು ಮರುಮುದ್ರಿಸಿದವು.

ಎರಡನೆಯ ಘಟ್ಟ 1987ರ ಮಾರ್ಚ್ 10. ಅಂದು ನ್ಯೂಯಾರ್ಕಿನ ಸಮುದಾಯ ಕೇಂದ್ರದಲ್ಲಿ ಬೇರೊಬ್ಬರು ಮಾಡಬೇಕಿದ್ದ ಭಾಷಣವನ್ನು ಅವರ ಬದಲಿಗೆ ಮಾಡಲು ನಿಂತ ಕ್ರೇಮರ್, ಸಭೆಯ ಒಂದು ಭಾಗದವರನ್ನು ಎದ್ದು ನಿಲ್ಲಿಸಿ, ನೀವಿಷ್ಟೂ ಮಂದಿ ಐದು ವರ್ಷದೊಳಗೆ ಸತ್ತಿರಬಹುದು ಎಂದರು. ಎರಡೇ ದಿನದಲ್ಲಿ ‘ಆ್ಯಕ್ಟ್ ಅಪ್’ ಎಂಬ ಸಂಘಟನೆ ರೂಪುಗೊಂಡಿತು. ಮಾರ್ಚ್ 24ರಂದು ವಾಲ್ ಸ್ಟ್ರೀಟಿನಲ್ಲಿ ಅದರ ಮೊದಲ ಪ್ರತಿಭಟನೆ ನಡೆಯಿತು. ಆಗಷ್ಟೇ ಪರವಾನಗಿ ಸಿಕ್ಕಿದ್ದ ಎಝಡ್‌ಟಿ ಎಂಬ ಒಂದೇ ಔಷಧಕ್ಕೆ ವರ್ಷಕ್ಕೆ ಸುಮಾರು 10,000 ಡಾಲರ್ ಬೆಲೆಯಿತ್ತು. 1988ರ ಅಕ್ಟೋಬರಿನಲ್ಲಿ ಔಷಧಗಳಿಗೆ ಪರವಾನಗಿ ಕೊಡುವ ಎಫ್‌ಡಿಎ ಕಚೇರಿಗೇ ಮುತ್ತಿಗೆ ಹಾಕಿದರು. 1989ರ ಸೆಪ್ಟೆಂಬರಿನಲ್ಲಿ ಕೆಲವರು ಷೇರು ವಿನಿಮಯ ಕೇಂದ್ರದ ಒಳಹೊಕ್ಕು ಮೇಲಂತಸ್ತಿನ ಕಟಕಟೆಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಕೆಲವೇ ದಿನಗಳಲ್ಲಿ ಎಝಡ್‌ಟಿ ತಯಾರಿಸುವ ಕಂಪನಿ ಅದರ ಬೆಲೆಯನ್ನು ಶೇ 20ರಷ್ಟು ಇಳಿಸಿತು.

ಬೀದಿಯ ಕೂಗಿನ ಹಿಂದೆ ಓದೂ ಇತ್ತು ಎಂಬುದನ್ನು ಆರೋಗ್ಯ ಇಲಾಖೆಯಲ್ಲಿದ್ದ ನಿಮಗೆ ವಿಶೇಷವಾಗಿ ಹೇಳಬೇಕು. ವೈದ್ಯಪದವಿಯಿಲ್ಲದ ತರುಣರು ರೋಗನಿರೋಧಕ ವ್ಯವಸ್ಥೆಯನ್ನೂ ಔಷಧ ಪರೀಕ್ಷೆಯ ನಿಯಮಗಳನ್ನೂ ತಾವೇ ಕಲಿತು, ವಿಜ್ಞಾನಿಗಳ ಎದುರು ಕುಳಿತು ವಾದಿಸಿದರು. ಪರೀಕ್ಷೆಗೆ ಸೇರಲಾಗದ ರೋಗಿಗಳಿಗೂ ಪರೀಕ್ಷೆಯ ಹಂತದ ಔಷಧ ಸಿಗುವ ಏರ್ಪಾಡು, ಮಾರಕ ರೋಗಗಳ ಔಷಧಗಳಿಗೆ ಬೇಗ ಪರವಾನಗಿ ಕೊಡುವ ಕ್ರಮ, ಸಂಶೋಧನೆಯ ಸಮಿತಿಗಳಲ್ಲಿ ರೋಗಿಗಳಿಗೂ ಜಾಗ – ಇವೆಲ್ಲ ಆ ಒತ್ತಡದಿಂದ ಬಂದವು. 1996ರ ಸುಮಾರಿಗೆ ಔಷಧಗಳನ್ನು ಒಟ್ಟುಗೂಡಿಸಿ ಕೊಡುವ ಚಿಕಿತ್ಸೆ ಬಂದು ಸಾವಿನ ಓಟ ನಿಂತಿತು.

ರಾಷ್ಟ್ರೀಯ ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ಸಂಸ್ಥೆಯ ಅಂದಿನ ಮುಖ್ಯಸ್ಥ ಡಾ. ಆಂಟನಿ ಫೌಚಿ ಅವರ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. 1988ರಲ್ಲಿ ಕ್ರೇಮರ್ ಪತ್ರಿಕೆಯೊಂದರಲ್ಲಿ ಬಹಿರಂಗ ಪತ್ರ ಬರೆದು ಅವರನ್ನು ಕೊಲೆಗಾರ, ಕೈಲಾಗದ ಮೂರ್ಖ ಎಂದೆಲ್ಲ ಜರೆದರು. ಫೌಚಿ ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ. ಈ ಜನ ಹೇಳುತ್ತಿರುವುದರಲ್ಲಿ ಹುರುಳಿದೆಯೇ ಎಂದು ನೋಡಿದರು, ಇದೆಯೆಂದು ಒಪ್ಪಿದರು. ಕ್ರಮೇಣ ಇಬ್ಬರೂ ಆಪ್ತ ಗೆಳೆಯರಾದರು. ಅಮೆರಿಕದ ವೈದ್ಯಕೀಯದಲ್ಲಿ ಲ್ಯಾರಿಗಿಂತ ಮೊದಲು, ಲ್ಯಾರಿಯ ನಂತರ ಎಂಬ ಎರಡು ಯುಗಗಳಿವೆ ಎಂದು ಮುಂದೆ ಹೇಳಿದವರು ಇದೇ ಫೌಚಿ. ನಮ್ಮ ವಚನಕಾರರು ಲೋಕವಿರೋಧಿ ಎಂಬುದನ್ನು ಶರಣನ ಲಕ್ಷಣವಾಗಿ ಹೇಳಿದ್ದು ನಿಮಗೆ ಗೊತ್ತಿರುತ್ತದೆ. ಯಾರ ದಾಕ್ಷಿಣ್ಯಕ್ಕೂ ಸಿಕ್ಕದ ಆ ನಿಷ್ಠುರತೆ ಈ ಮನುಷ್ಯನಲ್ಲಿತ್ತು.

ಎಲ್ಲ ನಿಷ್ಠುರವೂ ಗೆಳೆತನದಲ್ಲಿ ಮುಗಿಯಲಿಲ್ಲ. ಎಡ್ ಕಾಚ್ ಮೇಯರ್ ಹುದ್ದೆ ಬಿಟ್ಟ ಮೇಲೆ ಫಿಫ್ತ್ ಅವೆನ್ಯೂದಲ್ಲಿ ಕ್ರೇಮರ್ ಇದ್ದ ಕಟ್ಟಡಕ್ಕೇ ವಾಸಕ್ಕೆ ಬಂದರು. ಒಮ್ಮೆ ಕೆಳಮಹಡಿಯಲ್ಲಿ ಎದುರಾದ ಕಾಚ್, ಕ್ರೇಮರ್ ಅವರ ನಾಯಿ ಮಾಲಿಯ ತಲೆ ಸವರಲು ಬಗ್ಗಿದಾಗ, ‘ಮಾಲಿ, ಅಪ್ಪನ ಗೆಳೆಯರನ್ನೆಲ್ಲ ಕೊಂದವನು ಇವನೇ’ ಎಂದು ನಾಯಿಗೆ ಹೇಳಿ ಎಳೆದುಕೊಂಡು ಹೋದೆನೆಂದು ಕ್ರೇಮರ್ ಹೇಳಿಕೊಂಡಿದ್ದಾರೆ. ಕಾಚ್ 2013ರಲ್ಲಿ ತೀರಿಕೊಂಡರು. ಕ್ರೇಮರ್ ಕೊನೆಯವರೆಗೂ ಅವರನ್ನು ಕ್ಷಮಿಸಲಿಲ್ಲ.

ಪ್ರಶ್ನೆ: ಅವರು ಸಿನಿಮಾಕ್ಕೂ ಬರೆದಿದ್ದಾರೆಯೇ?
– ಓದುಗರು, ಬೆಂಗಳೂರು

ಉತ್ತರ: ಬರೆದಿದ್ದಾರೆ. ಡಿ.ಎಚ್. ಲಾರೆನ್ಸ್ ಅವರ ಕಾದಂಬರಿಯನ್ನು ಆಧರಿಸಿ ಕೆನ್ ರಸೆಲ್ ನಿರ್ದೇಶಿಸಿದ ‘ವಿಮೆನ್ ಇನ್ ಲವ್’ (1969) ಚಿತ್ರಕ್ಕೆ ಚಿತ್ರಕಥೆ ಬರೆದವರೂ ನಿರ್ಮಾಪಕರೂ ಅವರೇ. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ದೊರೆಯಿತು. ನಾಯಕಿ ಗ್ಲೆಂಡಾ ಜಾಕ್ಸನ್ ಆಸ್ಕರ್ ಗೆದ್ದರು. 1973ರ ‘ಲಾಸ್ಟ್ ಹೊರೈಜನ್’ ಎಂಬ ಸಂಗೀತಮಯ ಚಿತ್ರ ನೆಲಕಚ್ಚಿತು. ಆದರೆ ಅದರಿಂದ ಬಂದ ಸಂಭಾವನೆಯನ್ನು ಅಣ್ಣ ಆರ್ಥರ್ ಜಾಣತನದಿಂದ ಹೂಡಿದ್ದರಿಂದ ಕ್ರೇಮರ್ ಹೊಟ್ಟೆಪಾಡಿಗೆ ಯಾರ ಹಂಗಿಗೂ ಬೀಳದೆ ಬರೆಯಲು, ಬೀದಿಗಿಳಿಯಲು ಸಾಧ್ಯವಾಯಿತು. ‘ದಿ ನಾರ್ಮಲ್ ಹಾರ್ಟ್’ ಕೂಡ 2014ರಲ್ಲಿ ಅವರದೇ ಚಿತ್ರಕಥೆಯೊಂದಿಗೆ ಎಚ್‌ಬಿಒ ವಾಹಿನಿಗೆ ಚಿತ್ರವಾಗಿ, ಅತ್ಯುತ್ತಮ ಟೆಲಿವಿಷನ್ ಚಿತ್ರಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಪಡೆಯಿತು.

ಪ್ರಶ್ನೆ: ನಾಟಕದಲ್ಲಿ ಅಣ್ಣ-ತಮ್ಮಂದಿರ ಜಗಳದ ಭಾಗ ಓದಿ ಕಣ್ಣೀರು ಬಂತು. ನಿಜಜೀವನದಲ್ಲಿ ಅವರು ಒಂದಾದರೇ? ಕ್ರೇಮರ್ ಅವರ ಕೊನೆಯ ವರ್ಷಗಳು ಹೇಗಿದ್ದವು? ಬೇರೆ ಕೃತಿಗಳಲ್ಲಿ ಯಾವುದನ್ನು ಓದಬಹುದು?
– ಗೃಹಿಣಿ, ಉಡುಪಿ

ಉತ್ತರ: ನಾಟಕದಲ್ಲಿ ಬೆನ್ ತಮ್ಮನನ್ನು ಪ್ರೀತಿಸುತ್ತಾನೆ, ದುಡ್ಡು ಕೊಡುತ್ತಾನೆ, ಆದರೆ ನೀನೂ ನನ್ನಂತೆಯೇ ಸರಿಯಾದ ಮನುಷ್ಯ ಎಂಬ ಒಂದು ಮಾತು ಅವನ ಬಾಯಿಂದ ಹೊರಡುವುದಿಲ್ಲ. ತನ್ನನ್ನು ಸಮಾನನೆಂದು ಒಪ್ಪುವವರೆಗೆ ನಿನ್ನೊಡನೆ ಮಾತಿಲ್ಲ ಎಂದು ನೆಡ್ ಎದ್ದುಹೋಗುತ್ತಾನೆ. ಆರ್ಥರ್ ಮತ್ತು ಲ್ಯಾರಿಯ ನಡುವೆಯೂ ವರ್ಷಗಟ್ಟಲೆ ಇಂಥ ಮಾತುಬಿಟ್ಟ ಕಾಲಗಳಿದ್ದವು. ಆಮೇಲೆ ಅವರು ಒಂದಾದರು. ಸಲಿಂಗಪ್ರೇಮಿಗಳ ಅಧ್ಯಯನಕ್ಕೆ ದತ್ತಿ ಕೊಡುತ್ತೇನೆಂದು 1997ರಲ್ಲಿ ಲ್ಯಾರಿ ಮುಂದೆ ಬಂದಾಗ ಯೇಲ್ ಒಪ್ಪಿರಲಿಲ್ಲ. 2001ರಲ್ಲಿ ಆರ್ಥರ್ ಕೊಟ್ಟ ಹತ್ತು ಲಕ್ಷ ಡಾಲರ್‌ನಿಂದ ಅಲ್ಲಿ ತಮ್ಮನ ಹೆಸರಿನಲ್ಲಿಯೇ ಅಂಥ ಅಧ್ಯಯನ ಆರಂಭವಾಗಿ ಐದು ವರ್ಷ ನಡೆಯಿತು. ಆರ್ಥರ್ 2008ರಲ್ಲಿ ನಿಧನರಾದರು.

ಕ್ರೇಮರ್ ಅವರಿಗೂ ಎಚ್‌ಐವಿ ಇದೆಯೆಂದು 1988ರಲ್ಲಿ ಗೊತ್ತಾಯಿತು. ಅವರ ಪ್ರಾಣಕ್ಕೆ ಸಂಚಕಾರ ತಂದದ್ದು ಹೆಪಟೈಟಿಸ್-ಬಿ. ಎಚ್‌ಐವಿ ಇರುವವರಿಗೆ ಅಂಗಾಂಗ ಕಸಿ ಮಾಡಲು ಹೆಚ್ಚಿನ ಆಸ್ಪತ್ರೆಗಳು ಹಿಂದೇಟು ಹಾಕುತ್ತಿದ್ದ ಕಾಲದಲ್ಲಿ, 2001ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅವರಿಗೆ ಹೊಸ ಯಕೃತ್ತನ್ನು ಜೋಡಿಸಲಾಯಿತು. 2013ರ ಜುಲೈನಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಯ ನಂತರ ನ್ಯೂಯಾರ್ಕಿನ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿಯೇ ಅವರು ಬಹುಕಾಲದ ಸಂಗಾತಿ, ವಾಸ್ತುಶಿಲ್ಪಿ ಡೇವಿಡ್ ವೆಬ್‌ಸ್ಟರ್ ಅವರನ್ನು ಮದುವೆಯಾದರು. ನಾಟಕದ ಕೊನೆಯಲ್ಲಿ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಡಾ. ಎಮ್ಮಾ ನೆಡ್ ಮತ್ತು ಫೀಲಿಕ್ಸರಿಗೆ ಮದುವೆ ಮಾಡಿಸುತ್ತಾಳಲ್ಲ, ಅದನ್ನು ಬರೆದಾಗ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. 28 ವರ್ಷಗಳ ನಂತರ ಕ್ರೇಮರ್ ಅವರದು ಕಾನೂನುಬದ್ಧ ಮದುವೆಯಾಗಿತ್ತು. 2020ರ ಮೇ 27ರಂದು, ತಮ್ಮ 84ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಆ ವರ್ಷ ಕೋವಿಡ್ ಬಂದಾಗಲೂ ಅದನ್ನು ಸೇರಿಸಿಕೊಂಡು ಹೊಸ ನಾಟಕ ಬರೆಯುತ್ತಿದ್ದರು.

ಓದಲು ನಾನು ಮೊದಲು ಸೂಚಿಸುವುದು ‘ದಿ ಡೆಸ್ಟಿನಿ ಆಫ್ ಮಿ’ (1992) ನಾಟಕವನ್ನು. ಹೊಸ ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ನೆಡ್ ಎದುರಿಗೆ ಅವನದೇ ಬಾಲ್ಯ ಅಲೆಕ್ಸಾಂಡರ್ ಎಂಬ ಹುಡುಗನಾಗಿ ಬಂದು ನಿಲ್ಲುತ್ತದೆ; ಮುಂದೆ ನನಗೆ ಏನಾಗುತ್ತದೆ ಎಂದು ಹುಡುಗ ಕೇಳುತ್ತಾನೆ, ದೊಡ್ಡವನಿಗೆ ಹೇಳಲು ಬಾಯಿ ಬರುವುದಿಲ್ಲ. ಅದರ ವೈದ್ಯನ ಪಾತ್ರಕ್ಕೆ ಫೌಚಿ ಅವರೇ ಮಾದರಿ. ಆ ನಾಟಕ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿತ್ತು. ಅಣ್ಣ-ತಮ್ಮಂದಿರ ಭಾಗ ನಿಮಗೆ ಹಿಡಿಸಿದ್ದರಿಂದ ಆ ಮನೆಯ ಮೂಲವನ್ನೇ ಇಲ್ಲಿ ಕಾಣುವಿರಿ. 2015 ಮತ್ತು 2020ರಲ್ಲಿ ಎರಡು ಸಂಪುಟಗಳಾಗಿ ಬಂದ ‘ದಿ ಅಮೆರಿಕನ್ ಪೀಪಲ್’ ಎಂಬ ಬೃಹತ್ ಕಾದಂಬರಿಯನ್ನು ಈಗಲೇ ಕೈಗೆತ್ತಿಕೊಳ್ಳಬೇಡಿ. ಅಮೆರಿಕದ ಇಡೀ ಚರಿತ್ರೆಯನ್ನು ಸಲಿಂಗಪ್ರೇಮಿಗಳ ಚರಿತ್ರೆಯಾಗಿ ಮರುಬರೆಯುವ ಅದರಲ್ಲಿ ವಾಷಿಂಗ್ಟನ್, ಲಿಂಕನ್ ಅವರೂ ಸಲಿಂಗಪ್ರೇಮಿಗಳೇ. ಚರಿತ್ರೆಯೆಂದು ಅದನ್ನು ನಂಬುವುದು ಕಷ್ಟ. ಅದರ ಆವೇಶ ಮಾತ್ರ ಅಪ್ಪಟವಾದದ್ದು.

ಪ್ರಶ್ನೆ: ನನ್ನ ಮಗ ಮತ್ತು ಅವನ ಗೆಳೆಯರು ತಮ್ಮ ಕಾಲೇಜಿನ ರಂಗತಂಡದಿಂದ ಈ ನಾಟಕವನ್ನು ಕನ್ನಡಕ್ಕೆ ತಂದು ಆಡಬೇಕೆಂದಿದ್ದಾರೆ. ಬೇಡವೆನ್ನಲು ನನಗೆ ಮನಸ್ಸಿಲ್ಲ, ಆದರೆ ಅಂಜಿಕೆಯಿದೆ. ನಲವತ್ತು ವರ್ಷ ಹಳೆಯ, ಹೊರದೇಶದ ರೋಗದ ಕಥೆಯನ್ನು ಇಲ್ಲಿ ಆಡುವುದು ಸರಿಯೇ? ಏನೇನು ಎಚ್ಚರಿಕೆ ವಹಿಸಬೇಕು?
– ತಂದೆಯೊಬ್ಬರು, ದಾವಣಗೆರೆ

ಉತ್ತರ: ಆಡಲಿ. ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿದೆ. ಕಾನೂನಿನ ಭಯ ನಿಮಗೆ ಬೇಕಿಲ್ಲ. ಜನ ಏನೆಂದಾರು ಎಂಬ ಅಂಜಿಕೆಯಾದರೆ, ತಾಲೀಮಿಗೆ ಒಂದು ದಿನ ನೀವೇ ಹೋಗಿ ಕುಳಿತುಕೊಳ್ಳಿ. ನೆಡ್ ಮತ್ತು ಬೆನ್ ನಡುವಿನ ದೃಶ್ಯವನ್ನು ನೋಡಿ ಬಂದ ಮೇಲೆ ಮಗನೊಡನೆ ಮಾತಾಡುವುದು ಸುಲಭವಾಗುತ್ತದೆ.

ಮೊದಲು ಅನುವಾದಕ್ಕೂ ಪ್ರದರ್ಶನಕ್ಕೂ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಬೇಕು. ಕಾಲೇಜಿನ ಪ್ರದರ್ಶನವಾದರೂ ಇದನ್ನು ಬಿಡುವಂತಿಲ್ಲ. ಎರಡನೆಯದಾಗಿ, ಕಥೆಯನ್ನು ನಮ್ಮ ಊರಿಗೆ ಎಳೆದುತರುವ ಪ್ರಯತ್ನ ಬೇಡ. ನ್ಯೂಯಾರ್ಕಿನ ಮೇಯರ್, ಅಲ್ಲಿನ ಪತ್ರಿಕೆ, ಅಲ್ಲಿನ ಆಸ್ಪತ್ರೆ ಎಲ್ಲ ಹಾಗೆಯೇ ಇರಲಿ. ಭಾಷೆ ಕನ್ನಡವಾದರೆ ಸಾಕು. ಉದ್ದದ ಭಾಷಣಗಳಿಗೆ ಹುಡುಗರು ಕತ್ತರಿ ಹಾಕಲು ಹೊರಡುತ್ತಾರೆ. ಹಾಕುವುದಾದರೆ ನೆಡ್ ಮಾತುಗಳಿಗೆ ಹಾಕಲಿ, ಅದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ಮಿಕ್ಕಿ ಮತ್ತು ಬ್ರೂಸ್ ಮಾತುಗಳನ್ನು ಮುಟ್ಟುವುದು ಬೇಡ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಾಟಕದ ಕಥೆ ಆರಂಭವಾಗುವ ಕಾಲದಲ್ಲಿ ರೋಗಕ್ಕೆ ಹೆಸರಿರಲಿಲ್ಲ, ಕಾರಣ ಗೊತ್ತಿರಲಿಲ್ಲ, ಔಷಧವೂ ಇರಲಿಲ್ಲ. ಇವತ್ತಿನ ಪ್ರೇಕ್ಷಕರು ಆ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋದರೆ ಎಚ್‌ಐವಿ ಇರುವವರಿಗೆ ಅನ್ಯಾಯವಾಗುತ್ತದೆ. 2011ರಲ್ಲಿ ಬ್ರಾಡ್‌ವೇಯಲ್ಲಿ ಈ ನಾಟಕ ಮರುಪ್ರದರ್ಶನಗೊಂಡು ಟೋನಿ ಪ್ರಶಸ್ತಿ ಪಡೆದಾಗ, 75ರ ವಯಸ್ಸಿನ ಕ್ರೇಮರ್ ತಾವೇ ರಂಗಮಂದಿರದ ಹೊರಗೆ ನಿಂತು, ಆಟ ಮುಗಿಸಿ ಹೊರಬರುವವರ ಕೈಗೆ ಕರಪತ್ರ ಹಂಚುತ್ತಿದ್ದರು. ನೀವು ಕಂಡದ್ದೆಲ್ಲ ನಡೆದದ್ದು, ಈ ಮನುಷ್ಯರೆಲ್ಲ ಇದ್ದವರು, ರೋಗ ಇನ್ನೂ ಮುಗಿದಿಲ್ಲ ಎಂದು ಅದರಲ್ಲಿತ್ತು. ನಿಮ್ಮ ಮಗನ ತಂಡವೂ ಒಂದು ಪುಟದ ಕರಪತ್ರವನ್ನು ಸಿದ್ಧಪಡಿಸಲಿ. ಎಚ್‌ಐವಿಗೆ ಮೀಸಲಾದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತವಾಗಿ ಸಿಗುತ್ತದೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ದೀರ್ಘಕಾಲ ಬದುಕಬಹುದು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಎಚ್‌ಐವಿ ಇದೆಯೆಂಬ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡುವುದು 2017ರ ಕಾಯ್ದೆಯ ಪ್ರಕಾರ ನಿಷಿದ್ಧ – ಇಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ. ಅದರ ಕೆಳಗೆ ನಿಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರದ ವಿಳಾಸವೂ ಎಚ್‌ಐವಿ ಪರೀಕ್ಷೆ ಮಾಡುವ ಜಾಗವೂ ವೇಳೆಯೂ ಇರಲಿ. ಅಚ್ಚಿಗೆ ಕೊಡುವ ಮುನ್ನ ಕೇಂದ್ರದ ಆಪ್ತಸಮಾಲೋಚಕರಿಗೆ ಒಮ್ಮೆ ತೋರಿಸಿ.